ಮಂಜುಗಡ್ಡೆಯ ಸ್ಥಿತಿಸ್ಥಾಪಕತೆ: ಅಳತೆಯ ವಿಧಾನಗಳು ಮತ್ತು ಉಪಯೋಗಗಳು

ಪರಿಚಯ

ಮಂಜುಗಡ್ಡೆಯು ನೋಡಲು ಗಟ್ಟಿಯಾದ, ತಟ್ಟಿದರೆ ಒಡೆಯುವ ವಸ್ತು. ಅದು ಬಾಗುತ್ತದೆ, ಕುಗ್ಗುತ್ತದೆ ಮತ್ತು ಬಲವನ್ನು ತೆಗೆದೊಡನೆ ಮೊದಲಿನ ಆಕಾರಕ್ಕೆ ಮರಳುತ್ತದೆ ಎಂಬುದು ಬರಿಗಣ್ಣಿಗೆ ಕಾಣುವುದಿಲ್ಲ. ಆದರೆ ಉಕ್ಕು, ಗಾಜು, ಮರ ಮುಂತಾದ ಎಲ್ಲ ಘನವಸ್ತುಗಳಂತೆ ಮಂಜುಗಡ್ಡೆಗೂ ಈ ಗುಣವಿದೆ. ಹಿಮನದಿಯ ಆಳವನ್ನು ತಿಳಿಯಲು, ಹೆಪ್ಪುಗಟ್ಟಿದ ಸರೋವರದ ಮೇಲೆ ವಾಹನ ಚಲಿಸಬಹುದೇ ಎಂದು ನಿರ್ಧರಿಸಲು, ಅಂಟಾರ್ಕ್ಟಿಕಾದ ಹಿಮಚಾಚುಗಳು ಉಬ್ಬರವಿಳಿತಕ್ಕೆ ಹೇಗೆ ಬಾಗುತ್ತವೆ ಎಂದು ಲೆಕ್ಕ ಹಾಕಲು ಈ ಗುಣದ ನಿಖರವಾದ ಅಳತೆ ಬೇಕಾಗುತ್ತದೆ.

ಈ ಅಳತೆಯ ಇತಿಹಾಸದಲ್ಲಿ ಹಿಮವೇ ಬೀಳದ ಕರ್ನಾಟಕಕ್ಕೂ ಒಂದು ಸ್ಥಾನವಿದೆ. ಧ್ವನಿ ಮತ್ತು ಬೆಳಕುಗಳ ಪರಸ್ಪರ ಕ್ರಿಯೆಯಿಂದ ಸ್ಫಟಿಕಗಳ ಬಿಗಿತವನ್ನು ಅರಿಯುವ ವಿಧಾನಗಳಿಗೆ ತಳಹದಿಯಾದ ಕೆಲವು ಮುಖ್ಯ ಸಂಶೋಧನೆಗಳು 1930 ಮತ್ತು 1940ರ ದಶಕಗಳಲ್ಲಿ ಬೆಂಗಳೂರಿನಲ್ಲಿ ನಡೆದವು. ಮಂಜುಗಡ್ಡೆಯ ಅತ್ಯಂತ ವಿಶ್ವಾಸಾರ್ಹ ಅಳತೆಗಳು ಇದೇ ಬಗೆಯ ವಿಧಾನಗಳಿಂದ ದೊರೆತಿವೆ.

ಸ್ಥಿತಿಸ್ಥಾಪಕತೆ ಎಂದರೇನು?

ಬಲ ಪ್ರಯೋಗದಿಂದ ಆಕಾರ ಬದಲಿಸಿದ ವಸ್ತುವು ಬಲ ತೆಗೆದಾಗ ಪೂರ್ವಸ್ಥಿತಿಗೆ ಮರಳುವ ಗುಣವನ್ನು ಸ್ಥಿತಿಸ್ಥಾಪಕತೆ ಎನ್ನುತ್ತಾರೆ. ಇದನ್ನು ಅಳೆಯಲು ಎರಡು ಪರಿಮಾಣಗಳು ಬೇಕು. ಒಂದು ಚದರ ಮೀಟರ್ ಅಡ್ಡಕೊಯ್ತದ ಮೇಲೆ ಬೀಳುವ ಬಲವು ಪೀಡನ. ಅದರ ಏಕಮಾನ ಪ್ಯಾಸ್ಕಲ್. ಮೂಲ ಉದ್ದಕ್ಕೆ ಹೋಲಿಸಿದಾಗ ಉದ್ದದಲ್ಲಿ ಆದ ಬದಲಾವಣೆಯ ಪಾಲು ವಿಕೃತಿ. ಅದು ಕೇವಲ ಅನುಪಾತವಾದ್ದರಿಂದ ಅದಕ್ಕೆ ಏಕಮಾನವಿಲ್ಲ. ಸಣ್ಣ ಪೀಡನಗಳಿಗೆ ವಿಕೃತಿಯು ಪೀಡನಕ್ಕೆ ನೇರ ಅನುಪಾತದಲ್ಲಿರುತ್ತದೆ. ಇದನ್ನು 1678ರಲ್ಲಿ ಪ್ರಕಟಿಸಿದವನು ಇಂಗ್ಲೆಂಡಿನ ರಾಬರ್ಟ್ ಹುಕ್.

ಪೀಡನವನ್ನು ವಿಕೃತಿಯಿಂದ ಭಾಗಿಸಿದಾಗ ದೊರೆಯುವ ಸಂಖ್ಯೆಯೇ ಸ್ಥಿತಿಸ್ಥಾಪಕ ಗುಣಾಂಕ. ಎಳೆತ ಅಥವಾ ಒತ್ತುವಿಕೆಗೆ ಸಂಬಂಧಿಸಿದ್ದು ಯಂಗ್ ಗುಣಾಂಕ. ಪದರಗಳು ಒಂದರ ಮೇಲೊಂದು ಜಾರುವಂತೆ ಬಲ ಹಾಕಿದಾಗ ಅನ್ವಯಿಸುವುದು ದೃಢತಾ ಗುಣಾಂಕ. ಎಲ್ಲ ಕಡೆಗಳಿಂದ ಸಮನಾಗಿ ಅಮುಕಿದಾಗ ಅನ್ವಯಿಸುವುದು ಗಾತ್ರ ಗುಣಾಂಕ. ಒಂದು ದಿಕ್ಕಿಗೆ ಎಳೆದಾಗ ಅಡ್ಡ ದಿಕ್ಕಿನಲ್ಲಿ ವಸ್ತು ಎಷ್ಟು ಸಣ್ಣದಾಗುತ್ತದೆ ಎಂಬುದನ್ನು ಪ್ವಾಸಾನ್ ಅನುಪಾತ ತಿಳಿಸುತ್ತದೆ.

ಈ ಗುಣಾಂಕಗಳು ದೊಡ್ಡ ಸಂಖ್ಯೆಗಳಾದ್ದರಿಂದ ಅವನ್ನು ಗಿಗಾಪ್ಯಾಸ್ಕಲ್‌ಗಳಲ್ಲಿ, ಅಂದರೆ ನೂರು ಕೋಟಿ ಪ್ಯಾಸ್ಕಲ್‌ಗಳ ಲೆಕ್ಕದಲ್ಲಿ ಹೇಳುವುದು ರೂಢಿ. ಉಕ್ಕಿನ ಯಂಗ್ ಗುಣಾಂಕ ಸುಮಾರು 200, ಅಲ್ಯೂಮಿನಿಯಂ ಮತ್ತು ಸಾಮಾನ್ಯ ಗಾಜಿನದು ಸುಮಾರು 70 ಗಿಗಾಪ್ಯಾಸ್ಕಲ್. ಮಂಜುಗಡ್ಡೆಯದು ಸುಮಾರು 9. ಅಂದರೆ ಬಿಗಿತದಲ್ಲಿ ಮಂಜುಗಡ್ಡೆಯು ಲೋಹಗಳಿಗಿಂತ ಬಹಳ ಕೆಳಗೆ, ನಾರಿನ ಉದ್ದಕ್ಕೆ ಎಳೆದ ಮರದ ಸಮೀಪದಲ್ಲಿ ನಿಲ್ಲುತ್ತದೆ.

ಮಂಜುಗಡ್ಡೆಯ ಒಳರಚನೆ

ನಿತ್ಯ ಬಳಕೆಯ ಮಂಜುಗಡ್ಡೆ ಸ್ಫಟಿಕರೂಪದ ವಸ್ತು. ಅದರಲ್ಲಿ ಪ್ರತಿಯೊಂದು ನೀರಿನ ಅಣುವೂ ನಾಲ್ಕು ನೆರೆಯ ಅಣುಗಳೊಡನೆ ಹೈಡ್ರೋಜನ್ ಬಂಧಗಳಿಂದ ಕೂಡಿಕೊಂಡಿರುತ್ತದೆ. ಎರಡು ನೆರೆಯ ಆಮ್ಲಜನಕ ಪರಮಾಣುಗಳ ನಡುವಿನ ಅಂತರ ಸುಮಾರು 0.276 ನ್ಯಾನೋಮೀಟರ್. ಈ ಜೋಡಣೆಯು ಆರು ಮೂಲೆಗಳ ಉಂಗುರಗಳ ಜಾಲವಾಗಿ ಹಬ್ಬುತ್ತದೆ. ಜಾಲದ ಒಳಗೆ ಖಾಲಿ ಜಾಗ ಹೆಚ್ಚಾಗಿರುವುದರಿಂದ ಮಂಜುಗಡ್ಡೆಯ ಸಾಂದ್ರತೆ ಘನ ಮೀಟರಿಗೆ ಸುಮಾರು 917 ಕಿಲೋಗ್ರಾಂ ಮಾತ್ರ. ಅದು ನೀರಿನ ಮೇಲೆ ತೇಲಲು ಇದೇ ಕಾರಣ.

ಉಂಗುರಗಳ ಪದರಗಳಿಗೆ ಲಂಬವಾಗಿರುವ ದಿಕ್ಕನ್ನು ಸ್ಫಟಿಕದ ಮುಖ್ಯ ಅಕ್ಷವೆಂದು ಕರೆಯುತ್ತಾರೆ. ಈ ಅಕ್ಷದ ಉದ್ದಕ್ಕೆ ಎಳೆದಾಗ ಇರುವ ಬಿಗಿತವೂ ಅದಕ್ಕೆ ಓರೆಯಾಗಿ ಎಳೆದಾಗ ಇರುವ ಬಿಗಿತವೂ ಒಂದೇ ಅಲ್ಲ. ಆದ್ದರಿಂದ ಒಂದೇ ಹರಳಿನ ಮಂಜುಗಡ್ಡೆಯನ್ನು ವರ್ಣಿಸಲು ಒಂದು ಗುಣಾಂಕ ಸಾಲದು. ಎಲ್ಲ ದಿಕ್ಕುಗಳಲ್ಲಿಯೂ ಸಮಾನ ಗುಣವಿರುವ ಗಾಜಿನಂಥ ವಸ್ತುವಿಗೆ ಎರಡು ಸ್ವತಂತ್ರ ಸ್ಥಿರಾಂಕಗಳು ಸಾಕು. ಸಮಮಿತಿ ಅತ್ಯಂತ ಕಡಿಮೆಯಿರುವ ಸ್ಫಟಿಕಕ್ಕೆ 21 ಬೇಕು. ಷಟ್ಕೋನ ಸಮಮಿತಿಯುಳ್ಳ ಮಂಜುಗಡ್ಡೆಗೆ ಐದು ಬೇಕು. ಸ್ಫಟಿಕದ ಸಮಮಿತಿಯಿಂದ ಇಂಥ ಸ್ಥಿರಾಂಕಗಳ ಸಂಖ್ಯೆಯನ್ನು ಗಣಿತದ ಮೂಲಕ ಕಂಡುಹಿಡಿಯುವ ಕ್ರಮವನ್ನು ಬೆಳೆಸಿದವರಲ್ಲಿ ಸೂರಿ ಭಗವಂತಂ ಪ್ರಮುಖರು. ಅವರು 1957ರಿಂದ 1962ರವರೆಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದರು.

ಸರೋವರ, ಸಮುದ್ರ ಅಥವಾ ಹಿಮನದಿಯಲ್ಲಿ ದೊರೆಯುವ ಮಂಜುಗಡ್ಡೆಯು ಸಾಮಾನ್ಯವಾಗಿ ಒಂದೇ ಹರಳಲ್ಲ. ಬೇರೆ ಬೇರೆ ದಿಕ್ಕಿಗೆ ತಿರುಗಿದ ಅಸಂಖ್ಯ ಹರಳುಗಳ ಒಟ್ಟು. ದಿಕ್ಕುಗಳು ಪೂರ್ಣವಾಗಿ ಬೆರೆತಿದ್ದರೆ ವ್ಯತ್ಯಾಸಗಳು ಸರಾಸರಿಯಲ್ಲಿ ಅಳಿಸಿಹೋಗಿ, ಇಡೀ ಗಡ್ಡೆಯು ಗಾಜಿನಂತೆ ಎರಡೇ ಸ್ಥಿರಾಂಕಗಳ ವಸ್ತುವಾಗಿ ವರ್ತಿಸುತ್ತದೆ.

ಅಳತೆ ಏಕೆ ಕಷ್ಟ?

ಮಂಜುಗಡ್ಡೆಯನ್ನು ಅಳೆಯುವಾಗ ಎದುರಾಗುವ ಮೊದಲ ತೊಡಕು ಅದರ ಹರಿವು. ಭಾರವನ್ನು ಹೇರಿದ ಕ್ಷಣದಲ್ಲಿ ಅದು ಸ್ಥಿತಿಸ್ಥಾಪಕವಾಗಿ ಕುಗ್ಗುತ್ತದೆ. ಭಾರವನ್ನು ಹಾಗೆಯೇ ಬಿಟ್ಟರೆ ನಿಧಾನವಾಗಿ ಇನ್ನಷ್ಟು ಕುಗ್ಗುತ್ತ ಹೋಗುತ್ತದೆ. ಹೀಗೆ ಕಾಲಕ್ರಮದಲ್ಲಿ ಆದ ಬದಲಾವಣೆಯ ಬಹುಭಾಗವು ಭಾರ ತೆಗೆದ ಮೇಲೂ ಮರಳುವುದಿಲ್ಲ. ಹಿಮನದಿಗಳು ಪರ್ವತದಿಂದ ಕೆಳಕ್ಕೆ ಹರಿಯುವುದು ಈ ಗುಣದಿಂದಲೇ.

ಹರಿವಿಗೆ ಕಾರಣ ತಾಪ. ಘನವಸ್ತುವೊಂದು ತನ್ನ ಕರಗುವ ಬಿಂದುವಿಗೆ ಎಷ್ಟು ಹತ್ತಿರವಿದೆಯೋ ಅಷ್ಟು ಸುಲಭವಾಗಿ ಹರಿಯುತ್ತದೆ. ನಿರಪೇಕ್ಷ ಮಾನದಲ್ಲಿ ಮಂಜುಗಡ್ಡೆ ಕರಗುವುದು 273 ಕೆಲ್ವಿನ್‌ನಲ್ಲಿ. ಸೊನ್ನೆಗಿಂತ 16 ಡಿಗ್ರಿ ಸೆಲ್ಸಿಯಸ್ ಕೆಳಗಿನ ತಾಪವೆಂದರೆ 257 ಕೆಲ್ವಿನ್. ಅಂದರೆ ಶೀತಕದಲ್ಲಿಟ್ಟ ಮಂಜುಗಡ್ಡೆಯೂ ತನ್ನ ಕರಗುವ ತಾಪದ ನೂರಕ್ಕೆ 94ರಷ್ಟನ್ನು ಮುಟ್ಟಿರುತ್ತದೆ. 1,538 ಡಿಗ್ರಿಯಲ್ಲಿ ಕರಗುವ ಕಬ್ಬಿಣವು ಇದೇ ಸ್ಥಿತಿಗೆ ಬರಬೇಕಾದರೆ ಅದನ್ನು ಸುಮಾರು 1,430 ಡಿಗ್ರಿಗೆ ಕಾಯಿಸಬೇಕು. ಕುಲುಮೆಯಲ್ಲಿ ಬೆಳ್ಳಗೆ ಕಾದ ಕಬ್ಬಿಣದಷ್ಟೇ ಮಂಜುಗಡ್ಡೆಯೂ ‘ಬಿಸಿ’ಯಾದ ವಸ್ತು.

ಎರಡನೆಯ ತೊಡಕು ಕಲ್ಮಶಗಳದು. ಗಾಳಿಯ ಗುಳ್ಳೆಗಳು, ಬಿರುಕುಗಳು, ಸಮುದ್ರದ ಮಂಜುಗಡ್ಡೆಯಲ್ಲಿ ಸೆರೆಸಿಕ್ಕ ಉಪ್ಪುನೀರು — ಇವೆಲ್ಲ ಬಿಗಿತವನ್ನು ತಗ್ಗಿಸುತ್ತವೆ. ಮೂರನೆಯದು ವಿಕೃತಿಯ ಅಲ್ಪತೆ. ಒಂದು ಮೀಟರ್ ಉದ್ದದ, ಹತ್ತು ಸೆಂಟಿಮೀಟರ್ ಅಗಲ ಮತ್ತು ದಪ್ಪವುಳ್ಳ ಮಂಜುಗಡ್ಡೆಯ ತೊಲೆಯನ್ನು ಎರಡು ತುದಿಗಳಲ್ಲಿ ಆನಿಸಿ, ನಡುವೆ ಹತ್ತು ಕಿಲೋಗ್ರಾಂ ತೂಕ ಇಟ್ಟರೆ, ಅದು ಸ್ಥಿತಿಸ್ಥಾಪಕವಾಗಿ ಬಾಗುವುದು ಒಂದು ಮಿಲಿಮೀಟರಿನ ನಲವತ್ತರಲ್ಲಿ ಒಂದು ಭಾಗದಷ್ಟು ಮಾತ್ರ.

ಈ ಮೂರರಲ್ಲಿ ಹರಿವೇ ಮುಖ್ಯವಾದದ್ದು. ಅದರಿಂದ ತಪ್ಪಿಸಿಕೊಳ್ಳುವ ದಾರಿ ಒಂದೇ: ಹರಿಯಲು ಅವಕಾಶ ಸಿಗುವ ಮೊದಲೇ ಅಳತೆಯನ್ನು ಮುಗಿಸಬೇಕು. ಮಂಜುಗಡ್ಡೆಯನ್ನು ಅಳೆಯುವ ವಿಧಾನಗಳ ಇತಿಹಾಸವೆಂದರೆ ಅಳತೆಯ ಅವಧಿಯನ್ನು ಹೆಜ್ಜೆಹೆಜ್ಜೆಯಾಗಿ ಕಿರಿದುಗೊಳಿಸಿದ ಇತಿಹಾಸ.

ಭಾರ ಹೇರುವ ವಿಧಾನ

ಅತ್ಯಂತ ಹಳೆಯ ವಿಧಾನವು ಅತ್ಯಂತ ಸರಳವಾದದ್ದು. ಮಂಜುಗಡ್ಡೆಯ ತೊಲೆಯ ಮೇಲೆ ಭಾರವಿಟ್ಟು, ಎಷ್ಟು ಬಾಗಿತೆಂದು ನೋಡಿ, ತೊಲೆಯ ಅಳತೆಗಳಿಂದ ಯಂಗ್ ಗುಣಾಂಕವನ್ನು ಲೆಕ್ಕ ಹಾಕುವುದು. ಇಂಗ್ಲೆಂಡಿನ ಎಂಜಿನಿಯರ್ ಬೆಂಜಮಿನ್ ಬೆವನ್ ನಡೆಸಿದ ಇಂಥ ಪ್ರಯೋಗದ ವರದಿ 1826ರಲ್ಲಿಯೇ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾಗಿತ್ತು.

ಈ ವಿಧಾನದಲ್ಲಿ ಭಾರವಿಟ್ಟು ಓದಿಕೊಳ್ಳುವಷ್ಟರಲ್ಲಿ ಸೆಕೆಂಡುಗಳೋ ನಿಮಿಷಗಳೋ ಕಳೆಯುತ್ತವೆ. ಆ ಹೊತ್ತಿಗೆ ಹರಿವು ಸೇರಿಕೊಂಡು ತೊಲೆಯು ನಿಜಕ್ಕಿಂತ ಹೆಚ್ಚು ಬಾಗಿದಂತೆ ತೋರುತ್ತದೆ. ಗುಣಾಂಕವು ನಿಜಕ್ಕಿಂತ ಕಡಿಮೆ ಬರುತ್ತದೆ. ತಾಪ, ಭಾರದ ಪ್ರಮಾಣ, ಹರಳುಗಳ ಗಾತ್ರ ಮತ್ತು ಕಾದ ಅವಧಿಗೆ ತಕ್ಕಂತೆ ಉತ್ತರವೂ ಬದಲಾಗುತ್ತದೆ. ಹಳೆಯ ವರದಿಗಳಲ್ಲಿ ಒಂದೇ ವಸ್ತುವಿಗೆ ಹಲವು ಪಟ್ಟು ಭಿನ್ನವಾದ ಬೆಲೆಗಳು ಕಾಣಸಿಗುವುದು ಇದರಿಂದ. ಇಂಥ ಅಳತೆಯಲ್ಲಿ ದೊರೆಯುವುದು ಶುದ್ಧ ಸ್ಥಿತಿಸ್ಥಾಪಕತೆಯಲ್ಲ. ಅದನ್ನು ‘ಪರಿಣಾಮಕ ಗುಣಾಂಕ’ ಎಂಬ ಬೇರೆ ಹೆಸರಿನಿಂದ ಗುರುತಿಸುತ್ತಾರೆ.

ಕಂಪನ ವಿಧಾನ

ಮಂಜುಗಡ್ಡೆಯ ಸರಳನ್ನು ಮೆಲ್ಲಗೆ ತಟ್ಟಿದರೆ ಅದು ತನ್ನದೇ ಆವೃತ್ತಿಯಲ್ಲಿ ಕಂಪಿಸುತ್ತದೆ. ವಸ್ತು ಬಿಗಿಯಾದಷ್ಟೂ ಆವೃತ್ತಿ ಹೆಚ್ಚು, ಭಾರವಾದಷ್ಟೂ ಕಡಿಮೆ. ಸರಳಿನ ಉದ್ದ, ಸಾಂದ್ರತೆ ಮತ್ತು ಆವೃತ್ತಿಗಳು ತಿಳಿದರೆ ಗುಣಾಂಕವನ್ನು ಲೆಕ್ಕ ಹಾಕಬಹುದು. ಉದ್ದುದ್ದಕ್ಕೆ ಕಂಪಿಸುವ ಸರಳಿಗೆ ನಿಯಮ ಹೀಗಿದೆ: ಉದ್ದದ ಎರಡರಷ್ಟನ್ನು ಆವೃತ್ತಿಯಿಂದ ಗುಣಿಸಿದರೆ ಸರಳಿನಲ್ಲಿ ಧ್ವನಿಯ ವೇಗ ಸಿಗುತ್ತದೆ, ವೇಗದ ವರ್ಗವನ್ನು ಸಾಂದ್ರತೆಯಿಂದ ಗುಣಿಸಿದರೆ ಯಂಗ್ ಗುಣಾಂಕ ಸಿಗುತ್ತದೆ.

ಇಲ್ಲಿ ಪೀಡನವು ಒಂದು ದಿಕ್ಕಿನಲ್ಲಿ ಇರುವುದು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ ಕಾಲ. ಅಷ್ಟರಲ್ಲಿ ಆಗುವ ಹರಿವು ಅತ್ಯಲ್ಪ. ಆದ್ದರಿಂದ ಕಂಪನ ವಿಧಾನದಿಂದ ಬಂದ ಬೆಲೆಗಳು ಒಂದಕ್ಕೊಂದು ಹತ್ತಿರವಿರುತ್ತವೆ. 1957ರಲ್ಲಿ ಬಾಸ್, ರಾಸ್‌ಬರ್ಗ್ ಮತ್ತು ಜೀಗ್ಲರ್ ಎಂಬವರು ಒಂಟಿ ಹರಳುಗಳ ಸ್ಥಿರಾಂಕಗಳನ್ನು ಅನುರಣನ ಕ್ರಮದಲ್ಲಿ ಅಳೆದರು. ತಟ್ಟಿ ಆವೃತ್ತಿಯನ್ನು ಓದುವ ಕ್ರಮವು ಇಂದು ಪಿಂಗಾಣಿ, ಲೋಹ ಮತ್ತು ಕಾಂಕ್ರೀಟ್ ಪರೀಕ್ಷೆಯಲ್ಲೂ ಬಳಕೆಯಲ್ಲಿದೆ.

ಶ್ರವಣಾತೀತ ಧ್ವನಿಯ ವಿಧಾನ

ಮನುಷ್ಯನ ಕಿವಿಗೆ ಕೇಳದಷ್ಟು ಹೆಚ್ಚಿನ ಆವೃತ್ತಿಯ ಧ್ವನಿಯನ್ನು ಶ್ರವಣಾತೀತ ಧ್ವನಿ ಅಥವಾ ಅಲ್ಟ್ರಾಸೌಂಡ್ ಎನ್ನುತ್ತಾರೆ. ಮಂಜುಗಡ್ಡೆಯ ಒಂದು ಮುಖಕ್ಕೆ ಅಂಟಿಸಿದ ಕ್ವಾರ್ಟ್ಜ್ ಹರಳಿನಿಂದ ಧ್ವನಿಯ ಒಂದು ಕಿರು ತುಣುಕನ್ನು ಒಳಗೆ ಕಳಿಸಿ, ಅದು ಎದುರು ಮುಖವನ್ನು ತಲುಪಲು ತೆಗೆದುಕೊಂಡ ಕಾಲವನ್ನು ಎಲೆಕ್ಟ್ರಾನಿಕ್ ಉಪಕರಣದಿಂದ ಅಳೆಯುತ್ತಾರೆ. ಒಂದು ಸೆಂಟಿಮೀಟರ್ ಮಂಜುಗಡ್ಡೆಯನ್ನು ದಾಟಲು ನೀಳತರಂಗಕ್ಕೆ ಸುಮಾರು 2.6 ಮೈಕ್ರೋಸೆಕೆಂಡು ಸಾಕು.

ಘನವಸ್ತುವಿನಲ್ಲಿ ಎರಡು ಬಗೆಯ ಧ್ವನಿತರಂಗಗಳು ಸಾಗುತ್ತವೆ. ಕಣಗಳು ತರಂಗದ ದಿಕ್ಕಿನಲ್ಲಿಯೇ ಹಿಂದುಮುಂದಾಗುವುದು ನೀಳತರಂಗ. ಅದಕ್ಕೆ ಲಂಬವಾಗಿ ಆಚೀಚೆ ಆಡುವುದು ಅಡ್ಡತರಂಗ. ಮಂಜುಗಡ್ಡೆಯಲ್ಲಿ ಮೊದಲನೆಯದರ ವೇಗ ಸೆಕೆಂಡಿಗೆ ಸುಮಾರು 3,850 ಮೀಟರ್, ಎರಡನೆಯದರದು ಸುಮಾರು 1,950 ಮೀಟರ್. ಈ ಎರಡು ವೇಗಗಳು ಮತ್ತು ಸಾಂದ್ರತೆ ತಿಳಿದರೆ ಬಹುಸ್ಫಟಿಕ ಮಂಜುಗಡ್ಡೆಯ ಎಲ್ಲ ಗುಣಾಂಕಗಳೂ ದೊರೆಯುತ್ತವೆ. ಒಂಟಿ ಹರಳಿನ ಐದು ಸ್ಥಿರಾಂಕಗಳು ಬೇಕಾದರೆ ಮುಖ್ಯ ಅಕ್ಷದ ಉದ್ದಕ್ಕೆ, ಅದಕ್ಕೆ ಲಂಬವಾಗಿ ಮತ್ತು ಓರೆಯಾಗಿ ಕತ್ತರಿಸಿದ ತುಂಡುಗಳಲ್ಲಿ ವೇಗಗಳನ್ನು ಅಳೆಯಬೇಕು.

ಧ್ವನಿಯ ಮೇಲೆ ಬೆಳಕು: ಬೆಂಗಳೂರಿನ ಸಿದ್ಧಾಂತ

ಪಾರದರ್ಶಕ ವಸ್ತುವಿನ ಒಳಗೆ ಧ್ವನಿ ಸಾಗುವಾಗ ಒತ್ತಾದ ಮತ್ತು ಸಡಿಲವಾದ ಪಟ್ಟಿಗಳು ಸಮಾನ ಅಂತರದಲ್ಲಿ ಮೂಡುತ್ತವೆ. ಒತ್ತಾದ ಕಡೆ ಬೆಳಕು ಸ್ವಲ್ಪ ನಿಧಾನವಾಗಿಯೂ ಸಡಿಲವಾದ ಕಡೆ ಸ್ವಲ್ಪ ವೇಗವಾಗಿಯೂ ಸಾಗುತ್ತದೆ. ಆದ್ದರಿಂದ ಧ್ವನಿಗೆ ಅಡ್ಡಲಾಗಿ ಹಾಯಿಸಿದ ಬೆಳಕು ಗೀಟುಜಾಲರಿಯನ್ನು ದಾಟಿದಂತೆ ಹಲವು ಕಿರಣಗಳಾಗಿ ಒಡೆಯುತ್ತದೆ. ಈ ವಿದ್ಯಮಾನವನ್ನು 1932ರಲ್ಲಿ ಡಿಬೈ ಮತ್ತು ಸಿಯರ್ಸ್ ಅಮೆರಿಕದಲ್ಲಿಯೂ ಲ್ಯೂಕಾ ಮತ್ತು ಬಿಕಾರ್ ಫ್ರಾನ್ಸಿನಲ್ಲಿಯೂ ಪ್ರತ್ಯೇಕವಾಗಿ ಕಂಡರು.

ನಡುವಿನ ಕಿರಣದ ಎರಡೂ ಬದಿಗೆ ಅಷ್ಟೊಂದು ಕಿರಣಗಳು ಏಕೆ ಕಾಣುತ್ತವೆ, ಧ್ವನಿಯ ಬಲ ಹೆಚ್ಚಿದಂತೆ ಅವುಗಳ ಪ್ರಖರತೆ ಏಕೆ ಏರಿಳಿಯುತ್ತದೆ ಎಂಬ ಪ್ರಶ್ನೆಗೆ ಸಮರ್ಪಕ ಉತ್ತರ ಬಂದದ್ದು ಬೆಂಗಳೂರಿನಿಂದ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ವಿ. ರಾಮನ್ ಮತ್ತು ಎನ್. ಎಸ್. ನಾಗೇಂದ್ರನಾಥ್ 1935–36ರಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನಮಾಲೆಯು ರಾಮನ್–ನಾಥ್ ಸಿದ್ಧಾಂತವೆಂದು ಹೆಸರಾಯಿತು. ಧ್ವನಿಯು ಬೆಳಕನ್ನು ತಡೆಯುವುದಿಲ್ಲ, ಬೆಳಕಿನ ಅಲೆಯ ಮುಖವನ್ನು ಏರುತಗ್ಗಾಗಿ ಸುಕ್ಕುಗಟ್ಟಿಸುತ್ತದೆ ಎಂಬುದು ಅದರ ತಿರುಳು.

ಅಳತೆಗೆ ಇದರಿಂದಾಗುವ ಪ್ರಯೋಜನ ನೇರವಾದದ್ದು. ಕಿರಣಗಳ ನಡುವಿನ ಕೋನದಿಂದ ಧ್ವನಿಯ ತರಂಗಾಂತರ ತಿಳಿಯುತ್ತದೆ. ಅದನ್ನು ಆವೃತ್ತಿಯಿಂದ ಗುಣಿಸಿದರೆ ವೇಗ ತಿಳಿಯುತ್ತದೆ. ಮಂಜುಗಡ್ಡೆಯಲ್ಲಿ ಒಂದು ಕೋಟಿ ಹರ್ಟ್ಸ್ ಆವೃತ್ತಿಯ ನೀಳತರಂಗದ ತರಂಗಾಂತರ ಸುಮಾರು 0.385 ಮಿಲಿಮೀಟರ್. ಸೋಡಿಯಂ ದೀಪದ ಹಳದಿ ಬೆಳಕನ್ನು ಅದರ ಮೂಲಕ ಹಾಯಿಸಿದರೆ, ಎರಡು ಮೀಟರ್ ದೂರದ ಪರದೆಯ ಮೇಲೆ ಕಿರಣಗಳು ಸುಮಾರು ಮೂರು ಮಿಲಿಮೀಟರ್ ಅಂತರದಲ್ಲಿ ಬೀಳುತ್ತವೆ. ಇದನ್ನು ಸಾಮಾನ್ಯ ಅಳತೆಪಟ್ಟಿಯಿಂದಲೇ ಓದಬಹುದು.

ಇದೇ ತತ್ತ್ವವನ್ನು ಘನ ಸ್ಫಟಿಕಗಳಿಗೆ ಅನ್ವಯಿಸಿದವರು ಜರ್ಮನಿಯ ಶೇಫರ್ ಮತ್ತು ಬರ್ಗ್‌ಮನ್. 1934ರಲ್ಲಿ ಅವರು ಹರಳನ್ನು ಏಕಕಾಲದಲ್ಲಿ ಎಲ್ಲ ದಿಕ್ಕುಗಳಲ್ಲೂ ಕಂಪಿಸುವಂತೆ ಮಾಡಿ, ಅದರ ಮೂಲಕ ಹಾಯ್ದ ಬೆಳಕಿನಲ್ಲಿ ಚುಕ್ಕೆಗಳ ಸುಂದರ ವಲಯಗಳನ್ನು ಪಡೆದರು. ಆ ವಲಯಗಳ ಆಕಾರದಲ್ಲಿ ಹರಳಿನ ಸ್ಥಿತಿಸ್ಥಾಪಕ ಸ್ಥಿರಾಂಕಗಳು ಅಡಗಿರುತ್ತವೆ. ಸ್ವಿಟ್ಜರ್ಲೆಂಡಿನ ಯೋನಾ ಮತ್ತು ಶೆರರ್ ಈ ಕ್ರಮದಿಂದಲೇ ಒಂಟಿ ಹರಳಿನ ಮಂಜುಗಡ್ಡೆಯ ಐದೂ ಸ್ಥಿರಾಂಕಗಳನ್ನು ಸೊನ್ನೆಗಿಂತ 16 ಡಿಗ್ರಿ ಕೆಳಗಿನ ತಾಪದಲ್ಲಿ ಅಳೆದು 1952ರಲ್ಲಿ ಪ್ರಕಟಿಸಿದರು. ಮುಂದಿನ ಅನೇಕ ಅಳತೆಗಳನ್ನು ಹೋಲಿಕೆಗಾಗಿ ಇದೇ ತಾಪದಲ್ಲಿ ಕೊಡುವುದು ವಾಡಿಕೆಯಾಯಿತು.

ಬ್ರಿಲ್ವಾನ್ ಚದರಿಕೆ

ಮೇಲಿನ ವಿಧಾನದಲ್ಲಿ ಧ್ವನಿಯನ್ನು ಹೊರಗಿನಿಂದ ಕಳಿಸಬೇಕು. ಆದರೆ ಹಾಗೆ ಕಳಿಸದಿದ್ದರೂ ಪ್ರತಿಯೊಂದು ಘನವಸ್ತುವಿನ ಒಳಗೆ ಧ್ವನಿಯಿರುತ್ತದೆ. ಉಷ್ಣದಿಂದ ಅಣುಗಳು ಸದಾ ಕಂಪಿಸುತ್ತವೆ. ಆ ಕಂಪನಗಳು ಅತಿ ಸೂಕ್ಷ್ಮ ಧ್ವನಿತರಂಗಗಳಾಗಿ ಎಲ್ಲ ದಿಕ್ಕುಗಳಲ್ಲಿ ಹರಿದಾಡುತ್ತವೆ. ಹೀಗೆ ಹರಿದಾಡುವ ತರಂಗಗಳಿಂದ ಚದರಿದ ಬೆಳಕಿನ ಆವೃತ್ತಿಯು ತುಸು ಹೆಚ್ಚು ಅಥವಾ ತುಸು ಕಡಿಮೆ ಆಗಬೇಕೆಂದು ಫ್ರಾನ್ಸಿನ ಲಿಯೋನ್ ಬ್ರಿಲ್ವಾನ್ 1922ರಲ್ಲಿ ತೋರಿಸಿದರು. ದ್ರವಗಳಲ್ಲಿ ಇದನ್ನು 1930ರಲ್ಲಿ ಮೊದಲು ಕಂಡವರು ಲೆನಿನ್‌ಗ್ರಾಡಿನ ಗ್ರಾಸ್.

ಸ್ಫಟಿಕದ ಉಷ್ಣಕಂಪನಗಳಿಂದ ಬೆಳಕು ಚದರುವ ವಿಷಯದಲ್ಲಿ ರಾಮನ್ ಅವರಿಗೆ ಮೊದಲಿನಿಂದಲೂ ಆಸಕ್ತಿಯಿತ್ತು. ಹಿಮನದಿಯ ಮಂಜುಗಡ್ಡೆಯ ನೀಲಿ ಬಣ್ಣವನ್ನು ಈ ಚದರಿಕೆಯೊಡನೆ ಜೋಡಿಸಿ ಅವರು 1923ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಒಂದು ಟಿಪ್ಪಣಿ ಬರೆದಿದ್ದರು. ಬೆಂಗಳೂರಿಗೆ ಬಂದ ನಂತರ 1938ರಲ್ಲಿ ರಾಮನ್ ಮತ್ತು ಸಿ. ಎಸ್. ವೆಂಕಟೇಶ್ವರನ್ ಜಿಪ್ಸಮ್ ಹರಳಿನಲ್ಲಿ ಇಂಥ ಆವೃತ್ತಿ ಬದಲಾವಣೆಯನ್ನು ವರದಿ ಮಾಡಿದರು. 1947ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಎಸ್. ಕೃಷ್ಣನ್ ವಜ್ರದಲ್ಲಿ ಅದನ್ನು ದಾಖಲಿಸಿದರು. ಲೇಸರ್ ಇಲ್ಲದ ಆ ಕಾಲದಲ್ಲಿ ಪಾದರಸದ ದೀಪಗಳೇ ಬೆಳಕಿನ ಆಕರ. ದುರ್ಬಲವಾದ ರೇಖೆಗಳನ್ನು ಛಾಯಾಫಲಕದ ಮೇಲೆ ಹಿಡಿಯಲು ದೀರ್ಘಕಾಲದ ಒಡ್ಡಿಕೆ ಬೇಕಾಗುತ್ತಿತ್ತು.

ಆವೃತ್ತಿಯ ಬದಲಾವಣೆಯು ಬಹಳ ಚಿಕ್ಕದು. ಮಂಜುಗಡ್ಡೆಯ ವಕ್ರೀಭವನ ಸೂಚ್ಯಂಕ 1.31. ಹಸಿರು ಲೇಸರ್ ಬೆಳಕು ನೀಳತರಂಗಕ್ಕೆ ತಾಗಿ ನೇರ ಹಿಂದಕ್ಕೆ ಚದರಿದರೆ ಬದಲಾವಣೆ ಸುಮಾರು 20 ಗಿಗಾಹರ್ಟ್ಸ್. ಅಂದರೆ ಬೆಳಕಿನ ಆವೃತ್ತಿಯ ಮೂವತ್ತು ಸಾವಿರದಲ್ಲಿ ಒಂದು ಪಾಲು. ಫ್ಯಾಬ್ರಿ–ಪೆರೋ ಎಂಬ ವ್ಯತಿಕರಣಮಾಪಕವು ಇಷ್ಟು ಸಣ್ಣ ಅಂತರವನ್ನೂ ಬಿಡಿಸಿ ತೋರಿಸಬಲ್ಲದು. ಬದಲಾವಣೆಯಿಂದ ಧ್ವನಿಯ ವೇಗ, ವೇಗದಿಂದ ಸ್ಥಿರಾಂಕ ದೊರೆಯುತ್ತದೆ.

ಈ ವಿಧಾನಕ್ಕೆ ಮೂರು ಅನುಕೂಲಗಳಿವೆ. ಹರಳಿಗೆ ಏನನ್ನೂ ಅಂಟಿಸಬೇಕಿಲ್ಲ. ಲೇಸರ್ ಕಿರಣವು ಹಾಯುವ ಜಾಗ ಅತಿ ಚಿಕ್ಕದಾದ್ದರಿಂದ ಗುಳ್ಳೆ, ಬಿರುಕುಗಳಿಂದ ದೂರವಿದ್ದು ಶುದ್ಧ ಹರಳನ್ನೇ ಅಳೆಯಬಹುದು. ಧ್ವನಿತರಂಗದ ಒಂದು ಆವರ್ತನ ಮುಗಿಯಲು ಸೆಕೆಂಡಿನ ಸಾವಿರ ಕೋಟಿ ಭಾಗಗಳಲ್ಲಿ ಒಂದರಷ್ಟೂ ಕಾಲ ಬೇಡವಾದ್ದರಿಂದ ಹರಿವಿಗೆ ಅವಕಾಶವೇ ಇರುವುದಿಲ್ಲ. ಕೆನಡಾದ ನ್ಯೂಫೌಂಡ್‌ಲೆಂಡ್ ಮೆಮೋರಿಯಲ್ ವಿಶ್ವವಿದ್ಯಾನಿಲಯದ ಗ್ಯಾಮನ್, ಕೀಫ್ಟೆ, ಕ್ಲೌಟರ್ ಮತ್ತು ಅವರ ಸಂಗಡಿಗರು 1980ರ ದಶಕದ ಆರಂಭದಲ್ಲಿ ಈ ಕ್ರಮದಿಂದ ಕೃತಕ ಮಂಜುಗಡ್ಡೆಯನ್ನೂ ಹಿಮನದಿ, ಸರೋವರ, ಸಮುದ್ರಗಳ ಮಂಜುಗಡ್ಡೆಯನ್ನೂ ಅಳೆದರು. ಹುಟ್ಟಿದ ಜಾಗ ಯಾವುದಾದರೂ ಹರಳಿನ ಸ್ಥಿರಾಂಕಗಳು ಬಹುಮಟ್ಟಿಗೆ ಒಂದೇ ಎಂದು ಕಂಡುಬಂತು.

ದೊರೆತ ಬೆಲೆಗಳು

ಸೊನ್ನೆಗಿಂತ 16 ಡಿಗ್ರಿ ಕೆಳಗೆ ಕೆನಡಾದ ತಂಡ ಪಡೆದ ಐದು ಸ್ಥಿರಾಂಕಗಳು, ಗಿಗಾಪ್ಯಾಸ್ಕಲ್‌ಗಳಲ್ಲಿ, ಹೀಗಿವೆ: ಮುಖ್ಯ ಅಕ್ಷದ ದಿಕ್ಕಿನ ನೀಳ ಬಿಗಿತ 15.01, ಅದಕ್ಕೆ ಲಂಬವಾದ ದಿಕ್ಕಿನದು 13.93, ಅಡ್ಡ ಸಂಬಂಧವನ್ನು ಹೇಳುವ ಎರಡು ಸ್ಥಿರಾಂಕಗಳು 7.08 ಮತ್ತು 5.77, ಪದರಗಳು ಜಾರುವಿಕೆಗೆ ಒಡ್ಡುವ ತಡೆ 3.01. ಮೂವತ್ತು ವರ್ಷ ಮೊದಲು ಯೋನಾ ಮತ್ತು ಶೆರರ್ ಪಡೆದಿದ್ದ ಬೆಲೆಗಳು ಇವುಗಳಿಗೆ ಬಹಳ ಸಮೀಪದಲ್ಲಿವೆ. ಎರಡು ಭಿನ್ನ ವಿಧಾನಗಳು ಒಂದೇ ಉತ್ತರ ಕೊಟ್ಟದ್ದು ಅಳತೆಯ ಸತ್ಯಕ್ಕೆ ಸಾಕ್ಷಿ.

ಈ ಸ್ಥಿರಾಂಕಗಳಿಂದ ಯಾವ ದಿಕ್ಕಿನ ಯಂಗ್ ಗುಣಾಂಕವನ್ನಾದರೂ ಲೆಕ್ಕ ಹಾಕಬಹುದು. ಅದು ಮುಖ್ಯ ಅಕ್ಷದ ಉದ್ದಕ್ಕೆ ಸುಮಾರು 11.8, ಲಂಬ ದಿಕ್ಕಿನಲ್ಲಿ ಸುಮಾರು 9.7, ಅಕ್ಷಕ್ಕೆ ಸುಮಾರು 50 ಡಿಗ್ರಿ ಓರೆಯಾದ ದಿಕ್ಕಿನಲ್ಲಿ ಎಲ್ಲಕ್ಕಿಂತ ಕಡಿಮೆ, ಸುಮಾರು 8.4 ಗಿಗಾಪ್ಯಾಸ್ಕಲ್. ಹರಳುಗಳು ಎಲ್ಲ ದಿಕ್ಕಿಗೂ ಬೆರೆತ ಗಡ್ಡೆಯಲ್ಲಿ ಯಂಗ್ ಗುಣಾಂಕ 9.33, ದೃಢತಾ ಗುಣಾಂಕ 3.52, ಗಾತ್ರ ಗುಣಾಂಕ 8.9 ಗಿಗಾಪ್ಯಾಸ್ಕಲ್; ಪ್ವಾಸಾನ್ ಅನುಪಾತ 0.325. ತಾಪ ಒಂದು ಡಿಗ್ರಿ ಏರಿದರೆ ಬಿಗಿತವು ಶೇಕಡಾ 0.14ರಷ್ಟು ಮಾತ್ರ ಇಳಿಯುತ್ತದೆ. ಕರಗುವ ಅಂಚಿನವರೆಗೂ ಮಂಜುಗಡ್ಡೆಯು ತನ್ನ ಶುದ್ಧ ಸ್ಥಿತಿಸ್ಥಾಪಕತೆಯನ್ನು ಬಹುಪಾಲು ಉಳಿಸಿಕೊಳ್ಳುತ್ತದೆ. ಬೇಗನೆ ಬದಲಾಗುವುದು ಅದರ ಹರಿವಿನ ಗುಣ.

ಮನೆಯಲ್ಲಿ ಮಾಡಬಹುದಾದ ಅಳತೆ

ಮೈಸೂರಿನ ಕುವೆಂಪುನಗರದಲ್ಲಿ ಚಳಿಗಾಲದಲ್ಲೂ ನೀರು ಹೆಪ್ಪುಗಟ್ಟುವುದಿಲ್ಲ. ಆದರೆ ಅಲ್ಲಿನ ಮನೆಗಳ ಫ್ರಿಜ್ಜಿನ ಫ್ರೀಜರ್ ಸಾಮಾನ್ಯವಾಗಿ ಸೊನ್ನೆಗಿಂತ 18 ಡಿಗ್ರಿ ಕೆಳಗಿರುತ್ತದೆ. ಇದು ಪ್ರಯೋಗಾಲಯಗಳ ರೂಢಿಯ ತಾಪಕ್ಕೆ ಅತಿ ಸಮೀಪ. ಆದ್ದರಿಂದ ಕಂಪನ ವಿಧಾನವನ್ನು ಪದವಿಪೂರ್ವ ವಿದ್ಯಾರ್ಥಿಯೂ ಮನೆಯಲ್ಲಿ ಮಾಡಿ ನೋಡಬಹುದು.

ಕುದಿಸಿ ಆರಿಸಿದ ನೀರನ್ನು ಸುಮಾರು 20 ಸೆಂಟಿಮೀಟರ್ ಉದ್ದದ, ಎರಡು ಸೆಂಟಿಮೀಟರ್ ದಪ್ಪದ ಸರಳು ಬರುವಂತಹ ಅಚ್ಚಿನಲ್ಲಿ ಹೆಪ್ಪುಗಟ್ಟಿಸಬೇಕು. ಕುದಿಸುವುದರಿಂದ ಕರಗಿದ ಗಾಳಿಯ ಹೆಚ್ಚಿನ ಭಾಗ ಹೊರಹೋಗಿ ಗುಳ್ಳೆಗಳು ಕಡಿಮೆಯಾಗುತ್ತವೆ. ಸರಳನ್ನು ಎರಡು ತುದಿಗಳಿಂದ ತಲಾ 4.5 ಸೆಂಟಿಮೀಟರ್ ಒಳಗೆ ಸ್ಪಂಜಿನ ಪಟ್ಟಿಗಳ ಮೇಲೆ ಇರಿಸಬೇಕು. ಬಾಗುವ ಕಂಪನದಲ್ಲಿ ಅಲುಗದೆ ಉಳಿಯುವ ಬಿಂದುಗಳು ಅವೇ. ನಡುವೆ ಮೇಲಿನಿಂದ ಚಮಚೆಯ ಹಿಡಿಯಿಂದ ಮೆಲ್ಲಗೆ ತಟ್ಟಿ, ಶಬ್ದವನ್ನು ಆವೃತ್ತಿ ತೋರಿಸುವ ಮೊಬೈಲ್ ತಂತ್ರಾಂಶದಲ್ಲಿ ದಾಖಲಿಸಬೇಕು. ಗಟ್ಟಿಯಾದ, ಗುಳ್ಳೆಯಿಲ್ಲದ ಸರಳು ಸುಮಾರು 1,600 ಹರ್ಟ್ಸ್ ಆವೃತ್ತಿಯಲ್ಲಿ ದನಿಗೊಡುತ್ತದೆ. ತುದಿಯ ಮೇಲೆ ಉದ್ದುದ್ದಕ್ಕೆ ತಟ್ಟಿದಾಗ ಸುಮಾರು 8,000 ಹರ್ಟ್ಸ್‌ನ ಬಳಿ ಮತ್ತೊಂದು ಶಿಖರ ಕಾಣಬಹುದು.

ಲೆಕ್ಕ ಸರಳವಾದದ್ದು. ಉದ್ದ 0.20 ಮೀಟರ್, ಆವೃತ್ತಿ 8,000 ಎಂದಿಟ್ಟುಕೊಂಡರೆ ಸರಳಿನಲ್ಲಿ ಧ್ವನಿಯ ವೇಗ ಸೆಕೆಂಡಿಗೆ 3,200 ಮೀಟರ್. ಅದರ ವರ್ಗವನ್ನು ಫ್ರೀಜರಿನ ತಾಪದಲ್ಲಿನ ಸಾಂದ್ರತೆಯಾದ 919ರಿಂದ ಗುಣಿಸಿದರೆ ಯಂಗ್ ಗುಣಾಂಕ 9.4 ಗಿಗಾಪ್ಯಾಸ್ಕಲ್. ಆವೃತ್ತಿಯನ್ನು ಓದುವಲ್ಲಿ 100 ಹರ್ಟ್ಸ್ ವ್ಯತ್ಯಾಸವಾದರೆ ಉತ್ತರದಲ್ಲಿ ಶೇಕಡಾ ಎರಡೂವರೆಯಷ್ಟು ವ್ಯತ್ಯಾಸವಾಗುತ್ತದೆ. ಸರಳಿನಲ್ಲಿ ಬಿಳಿಯ ಗುಳ್ಳೆಗಳು ತುಂಬಿದ್ದರೆ ಅಥವಾ ಮೇಲ್ಮೈ ಕರಗತೊಡಗಿದರೆ ಆವೃತ್ತಿ ಇಳಿಯುತ್ತದೆ. ಆದ್ದರಿಂದ ಸರಳನ್ನು ಹೊರತೆಗೆದ ಒಂದೆರಡು ನಿಮಿಷಗಳೊಳಗೆ ಅಳತೆ ಮುಗಿಯಬೇಕು.

ಉಪಯೋಗಗಳು

ಹಿಮನದಿಯ ಆಳ. ಹಿಮನದಿಯ ಮೇಲೆ ಸಣ್ಣ ಸ್ಫೋಟ ಅಥವಾ ಬಡಿತದಿಂದ ಧ್ವನಿ ಹುಟ್ಟಿಸಿ, ಅದು ತಳದ ಬಂಡೆಗೆ ತಾಗಿ ಮರಳುವ ಕಾಲವನ್ನು ಅಳೆಯುತ್ತಾರೆ. ಪ್ರತಿಧ್ವನಿ 0.2 ಸೆಕೆಂಡಿಗೆ ಮರಳಿದರೆ ಆಳ ಸುಮಾರು 385 ಮೀಟರ್. ಮಂಜುಗಡ್ಡೆಯಲ್ಲಿ ಧ್ವನಿಯ ವೇಗ ನಿಖರವಾಗಿ ತಿಳಿದಿರುವುದರಿಂದಲೇ ಈ ಲೆಕ್ಕ ಸಾಧ್ಯ. ಆಳದಲ್ಲಿ ಹರಳುಗಳು ಒಂದೇ ದಿಕ್ಕಿಗೆ ತಿರುಗಿದ್ದರೆ ವೇಗವೂ ದಿಕ್ಕಿಗೆ ತಕ್ಕಂತೆ ಬದಲಾಗುತ್ತದೆ. ಅದರಿಂದ ಹಿಮನದಿಯ ಒಳಗಿನ ಹರಿವಿನ ಚರಿತ್ರೆಯನ್ನು ಊಹಿಸಬಹುದು.

ಹಿಮಾಲಯದ ಅಧ್ಯಯನ. ಮಂಜುಗಡ್ಡೆಯ ಹರಿವಿನ ಗುಣವೂ ಅಳತೆಗೆ ಒದಗುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ದಿವೇಚಾ ಹವಾಮಾನ ಬದಲಾವಣೆ ಕೇಂದ್ರದ ಸಂಶೋಧಕರು ಉಪಗ್ರಹ ಚಿತ್ರಗಳಿಂದ ಗಂಗೋತ್ರಿ ಹಿಮನದಿಯ ಮೇಲ್ಮೈ ವೇಗವನ್ನು ಪಡೆದು, ಇಳಿಜಾರು ಮತ್ತು ಹರಿವಿನ ನಿಯಮಗಳಿಂದ ಅದರ ದಪ್ಪವನ್ನು ಅಂದಾಜು ಮಾಡಿ 2014ರಲ್ಲಿ ಪ್ರಕಟಿಸಿದರು. ಕಾಲಿಡಲು ಕಷ್ಟವಾದ ಎತ್ತರಗಳಲ್ಲಿ ಈ ಕ್ರಮವು ಧ್ವನಿಯ ಕ್ರಮಕ್ಕೆ ಪೂರಕ.

ತೇಲುವ ಮಂಜುಗಡ್ಡೆಯ ಮೇಲಿನ ಸಂಚಾರ. ಶೀತದೇಶಗಳಲ್ಲಿ ಹೆಪ್ಪುಗಟ್ಟಿದ ನದಿ, ಸರೋವರಗಳ ಮೇಲೆ ಲಾರಿಗಳು ಚಲಿಸುತ್ತವೆ, ವಿಮಾನಗಳು ಇಳಿಯುತ್ತವೆ. ಚಲಿಸುವ ವಾಹನಕ್ಕೆ ಮಂಜುಹಾಸು ಸ್ಥಿತಿಸ್ಥಾಪಕ ಹಲಗೆಯಂತೆ ವರ್ತಿಸುತ್ತದೆ. ಅದೇ ವಾಹನ ಗಂಟೆಗಟ್ಟಲೆ ನಿಂತರೆ ಹರಿವು ಸೇರಿಕೊಂಡು ಹಾಸು ತಗ್ಗುತ್ತ ಹೋಗುತ್ತದೆ. ದಾಟಬಹುದಾದ ಜಾಗದಲ್ಲಿ ನಿಲ್ಲಿಸಬಾರದೆಂಬ ನಿಯಮಕ್ಕೆ ಇದು ಆಧಾರ.

ಅಂಟಾರ್ಕ್ಟಿಕಾದ ಹಿಮಚಾಚುಗಳು. ಭಾರತದ ಮೈತ್ರಿ ಮತ್ತು ಭಾರತಿ ಸಂಶೋಧನಾ ನೆಲೆಗಳಿರುವ ಈ ಖಂಡದ ಅಂಚಿನಲ್ಲಿ ನೂರಾರು ಮೀಟರ್ ದಪ್ಪದ ಹಿಮಚಾಚುಗಳು ಸಮುದ್ರದ ಮೇಲೆ ತೇಲುತ್ತವೆ. ಉಬ್ಬರವಿಳಿತದೊಡನೆ ಅವು ಮೇಲೆದ್ದು ಇಳಿಯುವಾಗ ನೆಲಕ್ಕೆ ಅಂಟಿದ ಗೆರೆಯಲ್ಲಿ ಬಾಗುತ್ತವೆ. ಈ ಬಾಗುವಿಕೆಯಿಂದ ಲೆಕ್ಕ ಹಾಕಿದ ಪರಿಣಾಮಕ ಗುಣಾಂಕವು 1995ರ ಒಂದು ಅಧ್ಯಯನದಲ್ಲಿ ಸುಮಾರು 0.9 ಗಿಗಾಪ್ಯಾಸ್ಕಲ್ ಬಂತು. ಪ್ರಯೋಗಾಲಯದ ಬೆಲೆಯ ಹತ್ತನೆಯ ಒಂದು ಭಾಗ. ಉಬ್ಬರವು ಗಂಟೆಗಳ ಕಾಲ ನಡೆಯುವ ಕ್ರಿಯೆಯಾದ್ದರಿಂದ ಹರಿವು ಮತ್ತು ಬಿರುಕುಗಳ ಪ್ರಭಾವ ಅದರಲ್ಲಿ ಬೆರೆತಿರುತ್ತದೆ.

ಖಗೋಳ ವಿಜ್ಞಾನ. ಗುರುವಿನ ಉಪಗ್ರಹ ಯೂರೋಪಾ ಮತ್ತು ಶನಿಯ ಉಪಗ್ರಹ ಎನ್ಸೆಲಡಸ್‌ಗಳ ಹೊರಚಿಪ್ಪು ಮಂಜುಗಡ್ಡೆಯದು. ಗ್ರಹದ ಗುರುತ್ವದಿಂದ ಆ ಚಿಪ್ಪು ನಿಯತವಾಗಿ ಬಾಗುತ್ತದೆ. ಎಷ್ಟು ಬಾಗುತ್ತದೆ ಎಂಬುದನ್ನು ಮಂಜುಗಡ್ಡೆಯ ಗುಣಾಂಕಗಳೊಡನೆ ಹೋಲಿಸಿ ಚಿಪ್ಪಿನ ದಪ್ಪವನ್ನೂ ಕೆಳಗಿನ ಸಾಗರದ ಇರುವಿಕೆಯನ್ನೂ ತರ್ಕಿಸಬಹುದು.

ಯಾವ ಬೆಲೆಯನ್ನು ಬಳಸಬೇಕು?

ಮಂಜುಗಡ್ಡೆಯ ಬಿಗಿತಕ್ಕೆ ಪುಸ್ತಕಗಳಲ್ಲಿ ಕಾಣುವ ಭಿನ್ನ ಸಂಖ್ಯೆಗಳು ಹೆಚ್ಚಾಗಿ ತಪ್ಪು ಅಳತೆಗಳಲ್ಲ. ಭಿನ್ನ ಅವಧಿಗಳಿಗೆ ಸಂಬಂಧಿಸಿದ ಉತ್ತರಗಳು. ಬೆಳಕಿನ ಚದರಿಕೆಯಲ್ಲಿ ಅವಧಿ ಸೆಕೆಂಡಿನ ಅತಿ ಸೂಕ್ಷ್ಮ ಅಂಶ, ತಟ್ಟಿದ ಸರಳಿನಲ್ಲಿ ಸಾವಿರದ ಒಂದು ಭಾಗಕ್ಕಿಂತ ಕಡಿಮೆ, ಭಾರವಿಟ್ಟ ತೊಲೆಯಲ್ಲಿ ನಿಮಿಷಗಳು, ಉಬ್ಬರದಲ್ಲಿ ಗಂಟೆಗಳು, ಹಿಮನದಿಯಲ್ಲಿ ವರ್ಷಗಳು. ಮೊದಲ ಎರಡರಲ್ಲಿ 9.33ರ ಸಮೀಪದ ಸಂಖ್ಯೆ ಸಲ್ಲುತ್ತದೆ. ಮೂರನೆಯದರಲ್ಲೂ ನಾಲ್ಕನೆಯದರಲ್ಲೂ ಪರಿಸ್ಥಿತಿಗೆ ತಕ್ಕ ಪರಿಣಾಮಕ ಗುಣಾಂಕ ಬೇಕು. ಕೊನೆಯದರಲ್ಲಿ ಹರಿವಿನ ನಿಯಮವೇ ಪ್ರಧಾನ. ಮಂಜುಗಡ್ಡೆಯ ಸ್ಥಿತಿಸ್ಥಾಪಕತೆಯ ಯಾವುದೇ ಬೆಲೆಯನ್ನು ಹೇಳುವಾಗ ತಾಪದೊಡನೆ ಅಳತೆಯ ಅವಧಿಯನ್ನೂ ಹೇಳಿದರೆ ಮಾತ್ರ ಆ ಬೆಲೆ ಪೂರ್ಣವಾಗುತ್ತದೆ.